ಕುಂಕುಮ ಇಟ್ಟ ಸೆನ್ಸರ್

ಮೊನ್ನೆ ಬಿಳಿಕೆರೆಯಲ್ಲಿ ಬಸ್ಸು ನಿಂತಾಗ ಪಕ್ಕದಲ್ಲೇ ಹೊಗೆಸೊಪ್ಪು ಹೇರಿದ ಟೆಂಪೊ ಇತ್ತು. ಹದವಾಗಿ ಬೆಂದ ಎಲೆಯ ವಾಸನೆ, ಸ್ವಲ್ಪ ಬೆಲ್ಲ, ಸ್ವಲ್ಪ ಒಣಹುಲ್ಲು... ವಾಸನೆಯಿಂದ ನೆನಪು ಬರುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಆದರೂ ಟೆಸ್ಟಿಂಗ್ ಅಕ್ಕ ನೆನಪಾದರು.

ಅವರು ಮಿರ್ಲೆ ಕಡೆಯವರು. ಒಂದು ಮುಂಗಾರಿನಲ್ಲಿ ಊರಿನ ನಮ್ಮ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದರು. ಮೈಸೂರಿನ ಸಣ್ಣ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಹೊಗೆಸೊಪ್ಪು ಬೇಯಿಸುವ ಕೋಣೆಗೆ, ಅಂದರೆ ಬ್ಯಾರನ್ನಿಗೆ, ಆ ಕಂಪನಿ ಒಂದು ಸಾಧನ ಮಾಡಿತ್ತು. ಒಳಗೆ ಶಾಖ ಮಿತಿಮೀರಿದರೆ ರೈತನ ಫೋನು ಬಡಿದುಕೊಳ್ಳಬೇಕು. ಕಾದ ಕೊಳವೆಯ ಮೇಲೆ ಒಣ ಎಲೆ ಉದುರಿದರೆ ಸಾಕು, ಸೊಪ್ಪೂ ಹೋಯಿತು, ಸೂರೂ ಹೋಯಿತು. ನಮ್ಮ ದೊಡ್ಡಪ್ಪ ಆಗಲೇ ತೀರ್ಮಾನಿಸಿಬಿಟ್ಟಿದ್ದರು: ಫೋನೇ ಕೂಗುತ್ತದಲ್ಲ, ಇನ್ನು ಬ್ಯಾರನ್ ಕಾಯಲು ಆಳು ಬೇಡ. ಅಂದರೆ, ಫೋನು ಕೂಗದಿದ್ದರೆ ಬ್ಯಾರನ್ ಇಲ್ಲ.

ಅಕ್ಕ ಮೊದಲು ಕೋಡಿನ ಒಂದೊಂದು ತುಣುಕಿಗೂ ಬೇಕೆಂದೇ ಅಡ್ಡಾದಿಡ್ಡಿ ಅಂಕಿ ಕೊಟ್ಟು ನೋಡಿದರು. ಅದು ಯೂನಿಟ್ ಟೆಸ್ಟಂತೆ. ಆಮೇಲೆ ಸೆನ್ಸರ್, ಪೆಟ್ಟಿಗೆ, ಫೋನು ಸೇರಿಸಿ, ಒಂದರ ಮಾತು ಇನ್ನೊಂದಕ್ಕೆ ಮುಟ್ಟುತ್ತದೆಯೇ ಎಂದು ನೋಡುವ ಇಂಟಿಗ್ರೇಷನ್. ಊರಿನ ಬ್ಯಾರನ್ನುಗಳೆಲ್ಲ ಒಟ್ಟಿಗೇ ಕೂಗಿಕೊಂಡರೆ ಸರ್ವರ್ ತಾಳುತ್ತದೆಯೇ ಎಂದು ಲೋಡ್ ಟೆಸ್ಟು. ಎಲ್ಲವೂ ಪಾಸು.

ನಾನಾಗ ಹುಣಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಕುದುರೆ. ಸುಮ್ಮನಿರುತ್ತೇನೆಯೇ?

"ಇಷ್ಟೆಲ್ಲ ಪಾಸಾದ್ರೆ ತಪ್ಪೇ ಇಲ್ಲ ಅಂತಾನಾ ಅಕ್ಕ?"

"ಅಲ್ಲಪ್ಪ. ನನಗೆ ಹೊಳೆದ ತಪ್ಪು ಇಲ್ಲ ಅಂತ."

"ಮತ್ಯಾಕೆ ಈ ಒದ್ದಾಟ?"

"ನೀನು ಪರ, ವಿರೋಧ ಎರಡೂ ಓದ್ಕೊಂಡು ಹೋಗ್ತೀಯಲ್ಲ, ಸೋಲೋದೇ ಇಲ್ಲ ಅಂತಾನಾ?"

ಕೊನೆಯದು ಬಳಸುವವರ ಕೈಗೇ ಕೊಟ್ಟು ನೋಡುವ ಪರೀಕ್ಷೆ. ಸಂಜೆ ಸಾಧನವನ್ನು ದೊಡ್ಡಪ್ಪನ ಕೈಗಿಟ್ಟ ಅಕ್ಕ, ಹೇಗೆ ಬಳಸಬೇಕೆಂದು ಒಂದು ಮಾತೂ ಹೇಳಲಿಲ್ಲ. ಬೆಳಿಗ್ಗೆ ದೊಡ್ಡಪ್ಪ ಸೆನ್ಸರನ್ನು ಒಳಗಿಟ್ಟು ಖಾಲಿ ಬ್ಯಾರನ್ನಿಗೆ ಬೆಂಕಿ ಹಾಕಿದರು. ಗಾಜಿನ ಕಿಂಡಿಯಲ್ಲಿ ಕಾಣುವ ಹಳೆಯ ಥರ್ಮಾಮೀಟರಿನ ಪಾದರಸ ಮಿತಿ ದಾಟಿತು. ಫೋನು ತೆಪ್ಪಗಿತ್ತು. ಬೆಂಕಿ ತಗ್ಗಿಸಿ ಸೆನ್ಸರ್ ಈಚೆ ತೆಗೆದರೆ ಅದರ ಜಾಲರಿ ತುಂಬ ವಿಭೂತಿ, ಅರಿಶಿನ, ನಡುವೆ ಕುಂಕುಮದ ಬೊಟ್ಟು, ಎಲ್ಲ ಬೆಂದು ಗಟ್ಟಿಯಾಗಿ, ಒಳಕ್ಕೆ ಶಾಖ ಮುಟ್ಟದಂತೆ ಮುಚ್ಚಿಕೊಂಡಿದ್ದವು.

"ಏನ್ ಮಾಡಿದ್ರಿ ಯಜಮಾನ್ರೇ ಇದಕ್ಕೆ?"

"ಪೂಜೆ ಮಾಡ್ದೆ ಕಣವ್ವ. ಒಸಾ ಸಾಮಾನು, ಅಂಗೇ ಬೆಂಕಿ ಮುಂದ್ಕೆ ಇಡಾಕಾಯ್ತದಾ?"

ನನಗೆ ಸಂಭ್ರಮ. ಇದು ಸಾಫ್ಟ್‌ವೇರಿನ ತಪ್ಪಲ್ಲ, ಬಳಸಿದವರ ತಪ್ಪು ಎಂದು ವಾದ ಹೂಡಿದೆ. ಅಕ್ಕ ಜಾಲರಿ ಕೆರೆಯುತ್ತಲೇ, "ಸರಿ, ನೀನೇ ಗೆದ್ದೆ. ಸುಡೋದು ಯಾರ ಬ್ಯಾರನ್ನು?" ಎಂದರು.

ಕಂಪನಿಯವರು ಫೋನಿನಲ್ಲಿ ಹೇಳಿದ್ದೂ ನನ್ನ ವಾದವನ್ನೇ. ಪೂಜೆ ಮಾಡಬಾರದು ಎಂದು ಚೀಟಿ ಅಂಟಿಸಿ ಮಾರೋಣ ಎಂದರಂತೆ. "ಚೀಟಿಗೂ ಕುಂಕುಮ ಇಡ್ತಾರೆ ಸಾರ್," ಎಂದರು ಅಕ್ಕ. ಮಾರಾಟಕ್ಕೆ ಒಪ್ಪಿಗೆ ಕೊಡಲಿಲ್ಲ.

ಬೆಂಕಿ ಹಾಕಿದ ಮೇಲೂ ಅಂಕಿ ಏರದಿದ್ದರೆ "ಶಾಖ ತಿಳಿಯುತ್ತಿಲ್ಲ, ಬಂದು ನೋಡಿ" ಎಂದು ಫೋನು ಕೂಗುವ ಹಾಗೆ ಕೋಡು ತಿದ್ದಿಸಿದರು. ಹೊಸದು ಸೇರಿಸುವಾಗ ಹಳೆಯದು ಕೆಟ್ಟಿರಬಹುದಲ್ಲ, ಪಾಸಾಗಿದ್ದ ಟೆಸ್ಟುಗಳನ್ನೆಲ್ಲ ಮತ್ತೆ ಮೊದಲಿಂದ ಮಾಡಿದರು. ರಿಗ್ರೆಷನ್ ಎಂದು ಅದಕ್ಕೆ ಹೆಸರು. ಅಷ್ಟರಲ್ಲಿ ಆ ಹಂಗಾಮು ಮುಗಿದಿತ್ತು. ದೊಡ್ಡಪ್ಪ ಆ ಸಲವೆಲ್ಲ ಗೊಣಗುತ್ತಲೇ ಆಳಿಟ್ಟು ಕಾಯಿಸಿದ್ದರು. ಸಾಧನ ಮರುವರ್ಷ ಬಂತು. ಅಕ್ಕ ಅಷ್ಟು ಹೊತ್ತಿಗೆ ಆ ಕಂಪನಿಯಲ್ಲಿರಲಿಲ್ಲ. ತೆಗೆದರೋ, ತಾವೇ ಬಿಟ್ಟರೋ... ಕೇಳಬೇಕೆಂದಿದ್ದೆ.

ಹೋದ ವರ್ಷ ಮಿರ್ಲೆಯಿಂದ ಅಕ್ಕನ ಸುದ್ದಿ ಬಂತು. ಕಾಯಿಲೆಯಂತೆ. ಅಮ್ಮ, ದೊಡ್ಡಪ್ಪ ಹೋಗಿ ಮಣ್ಣು ಮಾಡಿ ಬಂದರು. ನನಗೆ ಪರೀಕ್ಷೆಯಿತ್ತು.

ಅಕ್ಕನಿಂದ ಬ್ಯಾರನ್ ಉಳಿಯಿತು ಎಂದು ದೊಡ್ಡಪ್ಪ ಹೇಳುತ್ತಿರುತ್ತಾರೆ. ಬೀಳದ ಬೆಂಕಿಗೆ ಸಾಕ್ಷಿ ಎಲ್ಲಿದೆ? ಸ್ಪರ್ಧೆಯಲ್ಲಾಗಿದ್ದರೆ ಇದೊಂದೇ ಪ್ರಶ್ನೆಯಿಂದ ಗೆಲ್ಲುತ್ತಿದ್ದೆ. ಈ ಸಲ ನಾನು ಊರಿಗೆ ಹೋದ ದಿನ ಉಣ್ಣುತ್ತಿದ್ದಾಗಲೇ ದೊಡ್ಡಪ್ಪನ ಫೋನು ಕೂಗಿತು: ಶಾಖ ತಿಳಿಯುತ್ತಿಲ್ಲ, ಬಂದು ನೋಡಿ. ಎದ್ದು ಬ್ಯಾರನ್ನಿಗೆ ಓಡಿ ನೋಡಿ ಬಂದರು. ಏನೂ ಆಗಿರಲಿಲ್ಲ.

"ಸುಮ್ಸುಮ್ನೆ ಓಡಿಸ್ತಾಳೆ ಕಣ್ಲಾ ಆವಮ್ಮ," ಎಂದು ಮತ್ತೆ ತಟ್ಟೆಯ ಮುಂದೆ ಕೂತರು.

ಓಡಿಸಲು ಆಕೆ ಎಲ್ಲಿದ್ದಾರೆ ಎನ್ನಬೇಕೆನಿಸಿತು. ದೊಡ್ಡಪ್ಪನಿಗೆ ಸಾರು ಬಡಿಸಿದೆ.