ವಿಯೆನ್ನಾದಲ್ಲಿ ಹರಸಿದ ತಲೆ

ವಿಯೆನ್ನಾ ಪಟ್ಟಣದ ಆಟದ ತೋಟದಲ್ಲಿ ಆಕಾಶಕ್ಕೇರುವ ದೊಡ್ಡ ಚಕ್ರದ ಮುಂದೆ ನಿಂತಿದ್ದೆವು. ನಾನು ಊಟಿಯ ಬಿಳಿ ದೊರೆ ಮನೆಯ ಆಯಾ, ಅವರ ಜೊತೆ ಪ್ರವಾಸ ಬಂದವಳು. ಕಂಕುಳಲ್ಲಿ ಅವರ ಮಗು. "ಆಯಾ, ಇಲ್ಲಿ ಯಾರನ್ನೂ ಮುಟ್ಟಬಾರದು. ಮುಟ್ಟಿದರೆ ನಾಳೆಯೇ ಕಡಲು ದಾಟಿ ಊರಿಗೆ ಹೋಗುವ ಕಪ್ಪಲು ಹತ್ತಿಸುವೆ" ಎಂದು ದೊರಸಾನಿ ಬೆಳಿಗ್ಗೆಯೇ ಗದರಿಸಿದ್ದಳು.

ಚಕ್ರ ಕಾಯುವ ಮೀಸೆಯವನು ಟೋಪಿ ತೆಗೆದು ನನ್ನೆದುರು ತಲೆ ಬಗ್ಗಿಸಿದ. ನಮ್ಮ ಹಟ್ಟಿಯಲ್ಲಿ ಕಿರಿಯರು ತಲೆ ಬಗ್ಗಿಸಿದರೆ ಹಿರಿಯರು ಕೈಯಿಟ್ಟು ಹರಸಲೇಬೇಕು. ಅವನ ಬೋಳುತಲೆಯ ಮೇಲೆ ಕೈಯಿಟ್ಟು, "ಒಂದು ನೂರಾಗಲಿ, ಒಳ್ಳಿತಾಗಲಿ" ಎಂದೆ.

ದೊರಸಾನಿಯ ಮುಖ ಬೀಟ್‌ರೂಟಿನಂತಾಯಿತು. "ಏನು ಮಾಡಿದೆ, ಆಯಾ?"

"ತಲೆ ಕೊಟ್ಟವನ ಹರಸದೆ ಎಂಗೆ ಬುಡೋದು, ಅಮ್ಮಾ?"

ಅವನು ಇನ್ನೂ ಬೇಕೆಂಬಂತೆ ಬಗ್ಗಿಯೇ ನಿಂತಿದ್ದ. ಆಮೇಲೆ ಚೀಟಿ ಕೊಡುತ್ತಿದ್ದ ಹೆಂಡತಿಯನ್ನು ಕರೆದು ಅವಳ ತಲೆಯನ್ನೂ ಬಗ್ಗಿಸಿದ. ದೊರಸಾನಿಗೇ ನಗು ಬಂತು. ಕಪ್ಪಲಿನ ಮಾತು ಅಲ್ಲಿಗೇ ನಿಂತಿತು.

ಚಕ್ರದ ಮೇಲಿಂದ ಏನು ಕಂಡಿತು ಎಂದು ಹಟ್ಟಿಯವರು ಈಗಲೂ ಕೇಳುತ್ತಾರೆ. ನಮ್ಮೂರ ದೊಡ್ಡಬೆಟ್ಟದ ತುದಿಯಿಂದ ಅದಕ್ಕಿಂತ ಹೆಚ್ಚು ಕಾಣುತ್ತದೆ. ಟೋಪಿ ತೆಗೆದು ಬಗ್ಗುವುದು ವಿಯೆನ್ನಾದಲ್ಲಿ ಬರೀ ನಮಸ್ಕಾರವೆಂದು ದೊರಸಾನಿ ಹೇಳಿದ್ದು ಮರುದಿನ ರೈಲು ಹತ್ತಿದ ಮೇಲೆ. ಅಷ್ಟರಲ್ಲಿ ನಾನು ಅರ್ಧ ಪಟ್ಟಣವನ್ನು ಹರಸಿ ಮುಗಿಸಿದ್ದೆ.