ಚಿಲಿಯ ತೊಮಾಸನಿಗೆ ಹಾಕಿದ ಹಾರ

೧೯೯೪ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ ನಾನು ಶಾಲೆ ಬಿಟ್ಟೆ. ಓದು ಕಡಿಮೆಯಾದರೂ ಕಣ್ಣಿಗೆ ಕಂಡದ್ದನ್ನು, ಅಳತೆಪಟ್ಟಿಗೆ ಸಿಕ್ಕಿದ್ದನ್ನು ಮಾತ್ರ ನಂಬಿದವನು ನಾನು. ಯಾರೂ ಇಲ್ಲದ ಕಡೆ ದನಿ ಕೇಳಿತು ಎಂದು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ.

ಗಲ್ಫಿನ ಹೂರಾ ಎಂಬಲ್ಲಿ ನನ್ನದು ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ. ಕೆಲವು ವರ್ಷಗಳ ಹಿಂದೆ ಮಾರ್ತಾ ಎಂಬ ಟೀಚರ್ ಒಬ್ಬ ಹುಡುಗನ ಹಳೆಯ ಫೋಟೋ ತಂದರು. ಚಿಲಿ ದೇಶದವರು. ಅಲ್ಲಿ ಮಿಲಿಟರಿ ಆಳ್ವಿಕೆ ಇದ್ದಾಗ ಅವರ ಅಣ್ಣ ತೊಮಾಸನನ್ನು ಸೈನಿಕರು ಮನೆಯಿಂದ ಎಳೆದೊಯ್ದರಂತೆ. ಆಮೇಲೆ ಸುದ್ದಿಯೇ ಇಲ್ಲ. ಅಂಥವರ ನೆನಪಿಗೆ ಇಲ್ಲಿರುವ ಆ ದೇಶದ ನಾಲ್ಕಾರು ಮನೆಯವರು ವರ್ಷಕ್ಕೊಮ್ಮೆ ಸೇರುತ್ತಾರೆ. ಈ ಸಲ ಊರಿನಿಂದ ಅಮ್ಮನೂ ಬಂದಿದ್ದಾರೆ ಎಂದರು.

ನಮ್ಮ ಕಡೆ ತೀರಿಕೊಂಡವರ ಫೋಟೋವನ್ನು ಬೋಳಾಗಿ ಕೊಡುವುದುಂಟೇ? ಊರಿನಿಂದ ತಂದಿಟ್ಟಿದ್ದ ಗಂಧದ ಚಕ್ಕೆಯ ಹಾರವನ್ನು ನಾನಾಗಿಯೇ ಹಾಕಿದೆ. ವ್ಯಾನ್ ಓಡಿಸುವ ಉಳ್ಳಾಲದ ಇಕ್ಬಾಲ್ ನೋಡುತ್ತಿದ್ದ.

"ಗಿರಾಕಿ ಕೇಳದೆ ಹಾರ ಎಂತಕ್ಕೆ ಮಾರಾಯ?"

"ಸತ್ತವರಿಗೆ ಹಾಕದೆ ಮತ್ತೆ ನಿನಗೆ ಹಾಕುದಾ?"

"ಸತ್ತದ್ದು ಅಂತ ಅವರು ಹೇಳಿದ್ದಾ?"

"ಇಷ್ಟು ವರ್ಷ ಆದ್ಮೇಲೆ ಹೇಳ್ಬೇಕಾ? ನೀನು ಗಾಡಿ ತೆಗಿ."

ಸಂಜೆ ಇಕ್ಬಾಲ್ ಜೊತೆ ಸನದ್ ಬಡಾವಣೆಯ ಮಾರ್ತಾ ಅವರ ಮನೆಗೆ ಹೋದಾಗ ಜನ ಸೇರಿಯಾಗಿತ್ತು. ನಾನೇ ಮೊಳೆ ಹೊಡೆದು ಫೋಟೋ ತೂಗುಹಾಕಿದೆ. ಕುರ್ಚಿಯಲ್ಲಿದ್ದ ಅಮ್ಮ ಹಾರ ತೋರಿಸಿ ಏನೋ ಕೇಳಿದರು. ಮಾರ್ತಾ ಅವರ ಮುಖ ಬಿಳುಚಿಕೊಂಡಿತು. "ಇದು ಸತ್ತವರಿಗಲ್ಲವೇ? ಅವನು ಸತ್ತನೆಂದು ಅಮ್ಮ ಇವತ್ತಿಗೂ ಒಪ್ಪಿಲ್ಲ" ಎಂದು ನನಗೆ ಪಿಸುಗುಟ್ಟಿದರು. ನಾಚಿಕೆಯಿಂದ ತಲೆ ತಗ್ಗಿಸಿದೆ. ಬಿಚ್ಚಬೇಕೆನ್ನುವಷ್ಟರಲ್ಲಿ ಹೆಸರು ಕರೆಯಲು ಶುರುಮಾಡಿದ್ದರು.

ಅವರ ಪದ್ಧತಿ ಹೀಗೆ: ಒಬ್ಬರು ಕಾಣೆಯಾದವನ ಹೆಸರು ಕೂಗುತ್ತಾರೆ. ಅವನ ಮನೆಯವರು "ಪ್ರೆಸೆಂತೆ", ಅಂದರೆ ಇಲ್ಲಿದ್ದಾನೆ, ಎನ್ನುತ್ತಾರೆ. ತೊಮಾಸನ ಹೆಸರು ಬಂತು. ಉತ್ತರಿಸಬೇಕಾದ ಅಮ್ಮ ಹಾರವನ್ನೇ ನೋಡುತ್ತಾ ಬಾಯಿ ತೆರೆಯಲಿಲ್ಲ. ಮತ್ತೆ ಕೂಗಿದರು.

ಆಗ ನನ್ನ ಬೆನ್ನ ಹಿಂದಿನಿಂದ "ಪ್ರೆಸೆಂತೆ" ಎಂದಿತು. ಎಳೆಯ ಗಂಡುದನಿ. ಹಿಂದೆ ಇದ್ದದ್ದು ಗೋಡೆ ಮತ್ತು ಫೋಟೋ.

ಎಲ್ಲರೂ ನನ್ನನ್ನು ನೋಡಿದರು. ಕಿವಿ ಮಂದವಾದ ಆ ಅಮ್ಮ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಅವನ ಪರವಾಗಿ ನೀವು ಉತ್ತರ ಕೊಟ್ಟಿರಿ, ಅಮ್ಮ ಥ್ಯಾಂಕ್ಸ್ ಹೇಳ್ತಿದ್ದಾರೆ" ಎಂದರು ಮಾರ್ತಾ. ನಾನು ತುಟಿ ಅಲುಗಿಸಿರಲಿಲ್ಲ. ಆದರೆ ಆಗಷ್ಟೇ ತಲೆ ತಗ್ಗಿಸಿದ್ದವನಿಗೆ ಆ ಕೈಗಳು ಬೇಕಾಗಿದ್ದವು. ಸುಮ್ಮನೆ ತಲೆಯಾಡಿಸಿ, ಹಾರ ಬಿಚ್ಚಿಕೊಂಡು ಹೊರಬಂದೆ.

"ನಾನು ಪಕ್ಕದಲ್ಲೇ ಇದ್ದೆ. ನೀನು ಬಾಯಿ ತೆರೀಲಿಲ್ಲ" ಎಂದ ಇಕ್ಬಾಲ್ ವ್ಯಾನಿನಲ್ಲಿ.

"ಹಾಗಾದ್ರೆ ಯಾರು?"

"ನನ್ನತ್ರ ಕೇಳ್ಬೇಡ. ಹೋಗಿ ಆ ಅಮ್ಮನಿಗೆ ಹೇಳು, ನಾನಲ್ಲ ಅಂತ."

ಹೇಳಲಿಲ್ಲ. ನಾಳೆ ಹೇಳಿದರಾಯಿತು ಎನ್ನುತ್ತಿದ್ದಂತೆ ಅವರು ಊರಿಗೆ ಮರಳಿದರು, ಮರುವರ್ಷ ತೀರಿಕೊಂಡರಂತೆ. ಅದು ಯಾರ ದನಿಯೋ ನನಗೆ ಇಂದಿಗೂ ಗೊತ್ತಿಲ್ಲ. ಒಂದು ವೇಳೆ ಮಗನದೇ ಆಗಿದ್ದರೆ, ಆ ತಾಯಿ ಇಷ್ಟು ವರ್ಷ ಕಾದ ಉತ್ತರವನ್ನು ನಾನು ನನ್ನದೆಂದು ಇಟ್ಟುಕೊಂಡೆ.

ಈಗ ನನ್ನ ಬಳಿ ಒಂದು ಅಂಗಡಿ, ಇಬ್ಬರು ಕೆಲಸದವರು, ಒಂದು ವ್ಯಾನ್ ಇವೆ. ಯಾರ ಫೋಟೋಗೂ ಹಾಕಲಾಗದ ಒಂದು ಗಂಧದ ಹಾರ ಇದೆ.