ಉಗುರಿಗೆ ಸಿಕ್ಕ ಗೋಡೆ

ಬೀದಿಯವರೆಲ್ಲ ಅವಳನ್ನು ಮಣ್ಣಕ್ಕ ಎಂದೇ ಕರೆಯುತ್ತಿದ್ದರು. ಎಲ್ಲಿ ಪಾಯ ತೋಡಲಿ, ಎಲ್ಲಿ ಪೈಪು ಹಾಕಲು ರಸ್ತೆ ಅಗೆಯಲಿ, ಚೀಲ ಹಿಡಿದು ಹಾಜರಾಗುವ ಹೆಂಗಸಿಗೆ ಬೇರೆ ಹೆಸರು ಹೇಗೆ ತಾನೇ ಬಂದೀತು? ಕೆಂಪು ಮಣ್ಣು, ಹಳದಿ ಮಣ್ಣು, ಇಟ್ಟಿಗೆ ಪುಡಿ, ಇದ್ದಿಲು ಇವೇ ಅವಳ ಬಣ್ಣಗಳು. ಮಣ್ಣನ್ನು ನೀರಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆಸರುನೀರನ್ನು ಬಟ್ಟೆಯಲ್ಲಿ ಸೋಸಿ, ಆರಿಸಿ, ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು ಮರದ ಗೋಂದಿನಲ್ಲಿ ಕಲಸುವಳು. ಅದನ್ನು ಗೋಣಿತಟ್ಟಿನ ಮೇಲೆ ದಪ್ಪಗೆ ಮೆತ್ತಿ, ನಡುನಡುವೆ ಹಗ್ಗದ ಎಳೆ, ಮರದ ಹೊಟ್ಟು, ಮೊಟ್ಟೆ ಚಿಪ್ಪು ಕೂರಿಸುವಳು. ಅದು ಅವಳ ಚಿತ್ರ.

“ಮೂವತ್ತು ವರ್ಷದಿಂದ ಗುಡಿಸ್ತಾನೇ ಇದೀನಿ. ಈ ಮನೇಲಿ ಆಚೆ ಹೋಗೋ ಕಸಕ್ಕಿಂತ ಒಳಗೆ ಬರೋದೇ ಜಾಸ್ತಿ,” ಎಂದು ತಾಯಿ ಗೊಣಗುತ್ತಿದ್ದಳು. ಮಣ್ಣಕ್ಕ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಒಮ್ಮೆ ಹಲ್ಲಿನ ಡಾಕ್ಟರೊಬ್ಬರು ತಮ್ಮ ಹೊಸ ಕ್ಲಿನಿಕ್ಕಿಗೆ ಎಂಟಡಿ ಅಗಲದ ಚಿತ್ರ ಮಾಡಿಕೊಡಲು ಕೇಳಿದರು. ಅಷ್ಟು ದೊಡ್ಡದನ್ನು ಅವಳು ಅದುವರೆಗೆ ಮಾಡಿರಲಿಲ್ಲ. ಒಂಬತ್ತು ತಿಂಗಳು ಬೆನ್ನು ಬಗ್ಗಿಸಿ ದುಡಿದಳು. ಕೆಳಗೆ ಉತ್ತ ನೆಲದಂಥ ಗೆರೆಗಳು, ಮೇಲೆ ಇದ್ದಿಲಿನ ಕಪ್ಪು ಮೋಡ, ಮಧ್ಯೆ ಚಿಪ್ಪಿನ ಬಿಳಿ ಚೂರುಗಳು. ಕೂತವರ ಕಣ್ಣಿಗೆ ನೇರವಾಗಿರಲಿ ಎಂದು ಡಾಕ್ಟರು ಅದನ್ನು ಕಾಯುವ ಕೋಣೆಯ ಬೆಂಚಿನ ಪಕ್ಕದ ಗೋಡೆಗೆ ತಗ್ಗಿನಲ್ಲೇ ಹಾಕಿಸಿದರು.

ತಿಂಗಳು ತುಂಬುವುದರೊಳಗೆ ಕೌಂಟರಿನ ಹುಡುಗಿ ಫೋನ್ ಮಾಡಿದಳು. “ಅಕ್ಕಾ, ನಿಮ್ಮ ಗೋಡೆ ಉದುರ್ತಾ ಇದೆ.”

ಮಣ್ಣಕ್ಕ ಓಡಿದಳು. ಬೆಂಚಿನ ಎತ್ತರಕ್ಕೆ ಸರಿಯಾಗಿ ಒಂದೂವರೆ ಅಡಿ ಅಗಲದ ಪಟ್ಟಿ ಕಿತ್ತುಹೋಗಿತ್ತು. ನೆಲದ ಮೇಲೆ ಕೆಂಪು ಧೂಳು. ಹತ್ತಿರ ಬಗ್ಗಿ ನೋಡಿದರೆ ಸಾಲು ಸಾಲು ಉಗುರಿನ ಗುರುತು!

“ಇದು ಉದುರಿದ್ದಲ್ಲ ಕಣೇ, ಕೆರೆದಿರೋದು! ನೀನು ನೋಡ್ತಾ ಕೂತಿದ್ಯಾ?”

“ನಾನು ಚೀಟಿ ಬರೀಲೋ, ಅವರ ಬೆರಳು ಕಾಯ್ಲೋ ಅಕ್ಕಾ?”

ಅವಳು ಹಲ್ಲು ಕಚ್ಚಿಕೊಂಡು ಎರಡು ದಿನ ಕೂತು ತೇಪೆ ಹಾಕಿದಳು. ಮುಂದಿನ ತಿಂಗಳು ಮತ್ತೆ ಅದೇ ಕತೆ. ‘ದಯವಿಟ್ಟು ಮುಟ್ಟಬೇಡಿ’ ಎಂದು ಫಲಕ ತಗುಲಿಸಿದಳು. ಅಲ್ಲಿಯತನಕ ಮುಟ್ಟುವ ಯೋಚನೆಯೇ ಇಲ್ಲದವರಿಗೂ ಕೈ ತುರಿಸಿರಬೇಕು, ಫಲಕದ ಸುತ್ತಲೇ ಹೊಸ ಗುಳಿಗಳು ಬಿದ್ದವು. ಬೆಂಚನ್ನು ಆಚೆ ಸರಿಸಿದಳು. ಅದು ಯಾರ ಕೈಯಿಂದಲೋ ಮಾರನೆಯ ದಿನವೇ ವಾಪಸ್ಸು ಬಂತು. ಗಾಜು ಹಾಕಿಸೋಣ ಎಂದರು ಡಾಕ್ಟರು.

“ಗಾಜು ಹಾಕಿದ್ರೆ ಬೆಳಕು ಹೊಳೆಯುತ್ತೆ ಸಾರ್, ಮಣ್ಣು ಕಾಣಲ್ಲ. ನಾನೇನು ಮೀನಿನ ತೊಟ್ಟಿ ಮಾಡಿಕೊಟ್ಟಿದೀನಾ?”

“ಹಾಗಾದ್ರೆ ಗಟ್ಟಿ ಅಂಟಾದ್ರೂ ಹಾಕಿ.”

ಅಂಗಡಿಯ ಅಂಟು ಬೆರೆಸಿದರೆ ಮಣ್ಣು ಪ್ಲಾಸ್ಟಿಕ್ಕಿನ ಬಕೆಟ್ಟಿನ ಹಾಗೆ ಮಿರುಗುತ್ತದೆ ಎಂದು ಇವರಿಗೆ ಯಾರು ಬಿಡಿಸಿ ಹೇಳುವುದು? ಅವಳಿಗೆ ಸಾಕುಸಾಕಾಗಿ ಹೋಯಿತು.

ಕೊನೆಗೊಂದು ದಿನ ಕಾವಲಿಗೆ ತಾನೇ ಹೋಗಿ ಮೂಲೆಯಲ್ಲಿ ಕೂತಳು. ಬೆಳಿಗ್ಗೆ ಹತ್ತರಿಂದ ಊಟದ ಹೊತ್ತಿನೊಳಗೆ ಏಳು ಜನರನ್ನು ಹಿಡಿದಳು. ಏಳನೆಯವನು ಗಿರಿಜಾ ಮೀಸೆಯ ಲಾರಿ ಡ್ರೈವರ್. ಒಂದು ಚಿಪ್ಪನ್ನು ಹೆಬ್ಬೆರಳಿನಿಂದ ಮೀಟುತ್ತಿದ್ದ.

“ಏನ್ರೀ ಅದು? ನಿಮ್ಮ ಲಾರಿ ಬಣ್ಣಾನ ನಾನು ಹೀಗೆ ಕೆರೆದ್ರೆ ಸುಮ್ನಿರ್ತೀರಾ?”

ಅವನು ಬೆಚ್ಚಿ ಕೈ ಎಳೆದುಕೊಂಡ. “ಗೊತ್ತಾಗ್ಲಿಲ್ಲ ಅಮ್ಮಾ. ಒಳಗೆ ಆ ಮೆಷಿನ್ನು ಗುಂಯ್ ಅಂತಿತ್ತಲ್ಲ, ಕೈ ತಾನಾಗೇ ಹೋಯ್ತು.”

ಮಣ್ಣಕ್ಕ ಕರಗಲಿಲ್ಲ. ಒಂಬತ್ತು ತಿಂಗಳ ಕೆಲಸವನ್ನು ಭಯಸ್ಥರು ತುರಿದು ಹಾಕುತ್ತಿದ್ದರೆ ಯಾರಿಗೆ ತಾನೇ ಕನಿಕರ ಬರುತ್ತದೆ? ಮನೆಗೆ ಬಂದು ಪಾತ್ರೆಗಳನ್ನೆಲ್ಲ ಧಡಧಡ ಕುಕ್ಕಿದಳು.

ಅದೇ ವಾರ ತಾಯಿಗೆ ದವಡೆ ಹಲ್ಲು ನೋವು ಬಂತು. ಬೇರೆ ದಾರಿಯಿಲ್ಲದೆ ಅಲ್ಲಿಗೇ ಕರೆದೊಯ್ದಳು. ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ, ಚೀಟಿ ಬರೆಸಿ, ಎಕ್ಸ್‌ರೇಗೆ ದುಡ್ಡು ಕಟ್ಟಿ ಬರುವಷ್ಟರಲ್ಲಿ ಒಳಗೆ ಕರೆದಾಗಿತ್ತು. ಹಲ್ಲು ಕೀಳಿಸಿಕೊಂಡು, ಬಾಯಿಗೆ ಹತ್ತಿ ಕಚ್ಚಿಕೊಂಡು ಹೊರಬಂದ ತಾಯಿ ಆಟೋದಲ್ಲೂ ಬಲಗೈ ಮುಷ್ಟಿ ಬಿಚ್ಚಲಿಲ್ಲ. ಮನೆಗೆ ಬಂದು ಮಾತ್ರೆ ಕೊಡಲು ಹೋದಾಗ ಅಂಗೈ ತೆರೆಯಿತು. ಒಳಗೆ ಮೊಟ್ಟೆ ಚಿಪ್ಪಿನ ಚೂರು, ಬೆವರಿನಲ್ಲಿ ಕರಗಿದ ಕೆಂಪು ಮಣ್ಣು.

“ಅಮ್ಮಾ! ನೀನೂನಾ?”

ತಾಯಿ ಹತ್ತಿ ತೆಗೆದು, ದಪ್ಪನಾದ ನಾಲಿಗೆಯಲ್ಲೇ ಎದುರು ವಾದಿಸಿದಳು. “ಸರಿಯಾಗಿ ಅಂಟಿಸಕ್ಕೆ ಬರಲ್ವಾ ನಿಂಗೆ? ಸುಮ್ನೆ ಕೈಯಿಟ್ಟೆ, ಬಂದುಬಿಡ್ತು.”

“ಸುಮ್ನೆ ಯಾಕೆ ಇಡ್ಬೇಕಿತ್ತು ಕೈ?”

“ಹೆದರಿಕೆ ಆಯ್ತು ಕಣೇ,” ಎಂದಳು ತಾಯಿ. ಎಪ್ಪತ್ತೆಂಟರ ಆ ಹೆಂಗಸು ಯಾವುದಕ್ಕಾದರೂ ಹೆದರಿದೆ ಎಂದು ಹೇಳಿದ್ದನ್ನು ಮಗಳು ಕೇಳಿದ್ದು ಅದೇ ಮೊದಲು. ಮಣ್ಣಕ್ಕ ಮಾತ್ರೆಗೆ ನೀರು ತಂದಳು. ಸಿಟ್ಟೇನೂ ಇಳಿದಿರಲಿಲ್ಲ, ಯಾರ ಮೇಲೆ ತೋರಿಸುವುದೆಂದು ಮಾತ್ರ ತಿಳಿಯಲಿಲ್ಲ.

ಆಮೇಲೆ ತಿಂಗಳಿಗೊಮ್ಮೆ ಹೋಗಿ ತೇಪೆ ಹಾಕುವುದು ಅವಳ ಕೆಲಸವಾಯಿತು. ಮೊದಲಿನ ಕೆಂಪು ಮಣ್ಣು ಸಿಗುತ್ತಿದ್ದ ಜಾಗದಲ್ಲಿ ಕಟ್ಟಡ ಎದ್ದಿತ್ತು. ಸಿಕ್ಕ ಮಣ್ಣನ್ನೇ ಮೆತ್ತಿ ಮೆತ್ತಿ ಕೆಳಗಿನ ಪಟ್ಟಿ ಕಂದು, ಕಾವಿ, ಬೂದಿ ಬಣ್ಣಗಳಾಗಿ ಮೇಲಿನ ಚಿತ್ರಕ್ಕೂ ತನಗೂ ಸಂಬಂಧವೇ ಇಲ್ಲದ ಹಾಗಾಯಿತು. ಅದೇ ಚೆನ್ನಾಗಿದೆ ಎಂದ ಕೌಂಟರಿನ ಹುಡುಗಿಯನ್ನು ಅವಳು ದುರುಗುಟ್ಟಿ ನೋಡಿದಳು.

ಮೂರು ವರ್ಷದ ಮೇಲೆ ಡಾಕ್ಟರು ಇನ್ನೊಂದು ಕ್ಲಿನಿಕ್ ತೆರೆದು ಇನ್ನೊಂದು ಚಿತ್ರ ಕೇಳಿದರು. ನೆಲದಿಂದ ಏಳಡಿ ಮೇಲೆ ಹಾಕುವುದಾದರೆ ಮಾತ್ರ ಎಂದು ಮಣ್ಣಕ್ಕ ಖಡಾಖಂಡಿತವಾಗಿ ಹೇಳಿದಳು. ಹಾಗೆಯೇ ಹಾಕಿದರು. ತಿಂಗಳಾದರೂ ಫೋನ್ ಬರಲಿಲ್ಲ, ಎರಡು ತಿಂಗಳಾದರೂ ಇಲ್ಲ. ಏನಾಗಿದೆಯೋ ಎಂದು ತಾನೇ ಹೋಗಿ ನೋಡಿದಳು. ಚಿತ್ರ ಒಂದು ಕಣವೂ ಕದಲದೆ ನೆಟ್ಟಗಿತ್ತು. ಒಂದು ಗಂಟೆ ಕೂತಳು. ಬಂದವರು ಕೂತರು, ಫೋನ್ ತಿಕ್ಕಿದರು, ಎದ್ದು ಒಳಹೋದರು. ಒಬ್ಬರೂ ಕತ್ತೆತ್ತಲಿಲ್ಲ.

ಮಣ್ಣಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮೆಟ್ಟಿಲಿಳಿಯುತ್ತಲೇ ಚಿತ್ರ ತಗುಲಿಸಿದ್ದ ಬಡಗಿಗೆ ಫೋನ್ ಹಚ್ಚಿದಳು.

“ನಾಳೆ ಬಂದು ಅದನ್ನ ಮೂರಡಿ ಕೆಳಗಿಳಿಸಪ್ಪಾ.”

“ಕೆಳಗಿಳಿಸಿದ್ರೆ ಕೆರೀತಾರೆ ಅಂತ ನೀವೇ ಅಲ್ವಾ ಅಕ್ಕಾ ಮೇಲೆ ಹಾಕ್ಸಿದ್ದು?”

“ಹೇಳಿದಷ್ಟು ಮಾಡು ಮಾರಾಯ, ತಲೆ ತಿನ್ಬೇಡ!”